ಮರುಭೂಮಿಯ ಚಿತ್ರಗಾರ

ಮಹಾರಾಣಿಯ ಸಮ್ಮುಖದಲ್ಲಿ ನಿಂತು ಗೌರವ ಪಡೆದವನಿಗೆ ತನ್ನ ನಾಡಿನಲ್ಲಿಯೇ ಒಂದು ಮನೆ ಕಟ್ಟಿಕೊಳ್ಳುವ ಹಕ್ಕಿರಲಿಲ್ಲ! ಆಸ್ಟ್ರೇಲಿಯದ ಆದಿವಾಸಿ ಕಲಾವಿದ ಆಲ್ಬರ್ಟ್ ನಮಾಟ್‌ಜಿರನ ಬಾಳಿನ ಕಥೆ.

ಬೆಂಗಳೂರಿನಿಂದ ಕನಕಪುರದ ಹಾದಿ ಹಿಡಿದು ತೆಂಕಣಕ್ಕೆ ಸಾಗಿದರೆ ಹಾರೋಹಳ್ಳಿ ಸಿಗುತ್ತದೆ. ರಾಗಿಯೂ ಹಿಪ್ಪುನೇರಳೆಯೂ ಬೆಳೆಯುವ ಈ ಸೀಮೆಯಲ್ಲಿ ಇಂದು ಕೈಗಾರಿಕಾ ಪ್ರದೇಶದ ಉದ್ದುದ್ದನೆಯ ಷೆಡ್ಡುಗಳು ಸಾಲುಗಟ್ಟಿ ನಿಂತಿವೆ. ಷೆಡ್ಡುಗಳ ಆಚೆಗೆ ಕಣ್ಣು ಹಾಯಿಸಿದರೆ ಕಾಣುವುದು ಬೆಟ್ಟಗಳು, ಮೈಯೆಲ್ಲ ಬರಿಯ ಕಲ್ಲಾಗಿರುವ, ಬೆಳಗಿನ ಹೊತ್ತು ನೀಲಿಯಾಗಿಯೂ ಸಂಜೆಯ ಹೊತ್ತು ಕೆಂಪಾಗಿಯೂ ತೋರುವ ಹಳೆಯ ಬೆಟ್ಟಗಳು. ಕೈಗಾರಿಕೆಗಾಗಿ ನೆಲವನ್ನು ಅಳೆಯುವ ಕಚೇರಿಯ ಕಡತದಲ್ಲಿ ಆ ನೆಲಕ್ಕೆ ಇರುವುದು ಸರ್ವೆ ನಂಬರು ಮಾತ್ರ. ಆದರೆ ಸುತ್ತಣ ಹಳ್ಳಿಯ ಮುದುಕನೊಬ್ಬನನ್ನು ಕೇಳಿದರೆ ಒಂದೊಂದು ಬಂಡೆಗೂ ಒಂದೊಂದು ಹೆಸರುಂಟು, ಹೆಸರಿನ ಹಿಂದೆ ಒಂದು ಕಥೆಯುಂಟು. ಕಬ್ಬಾಳಿನ ಬೆಟ್ಟ ಆತನಿಗೆ ಬರಿಯ ಕಲ್ಲಲ್ಲ, ಕಬ್ಬಾಳಮ್ಮನ ನೆಲೆ. ರಾಮನಗರದ ಬೆಟ್ಟ ಶ್ರೀರಾಮನು ಕಾಲಿಟ್ಟ ಸ್ಥಳ. ರಾಮನಗರ, ಮಾಗಡಿ, ಕನಕಪುರಗಳ ಕಾಡಿನಂಚಿನಲ್ಲಿ ತಲೆತಲಾಂತರದಿಂದ ಜೇನು, ಗೆಡ್ಡೆಗೆಣಸುಗಳನ್ನು ಆಯ್ದು ಬಾಳಿದ ಇರುಳಿಗರಿಗಂತೂ ಈ ಗುಡ್ಡಗಳ ಒಂದೊಂದು ಸಂದುಗೊಂದು ಗೊತ್ತು.

ಬೆಟ್ಟವೊಂದು ಯಾರಿಗೆ ಸೇರಿದ್ದು? ಅದನ್ನು ಅಳೆದು ಕಾಗದದಲ್ಲಿ ಬರೆದುಕೊಂಡವರಿಗೋ, ಅದರ ಹೆಸರನ್ನೂ ಕಥೆಯನ್ನೂ ಬಲ್ಲವರಿಗೋ? ಈ ಪ್ರಶ್ನೆ ನಮ್ಮ ಸೀಮೆಗೆ ಮಾತ್ರ ಸೀಮಿತವಾದುದಲ್ಲ. ಸಾವಿರಾರು ಮೈಲಿಗಳಾಚೆ, ಆಸ್ಟ್ರೇಲಿಯದ ಮರುಭೂಮಿಯಲ್ಲಿ ಒಬ್ಬ ಆದಿವಾಸಿ ಚಿತ್ರಗಾರನು ತನ್ನ ಇಡೀ ಬಾಳನ್ನೇ ಈ ಪ್ರಶ್ನೆಗೆ ಉತ್ತರವಾಗಿ ತೆತ್ತನು. ಆತನ ಹೆಸರು ಆಲ್ಬರ್ಟ್ ನಮಾಟ್‌ಜಿರ.

ಕೆಂಪು ನಾಡಿನ ಕೂಸು

ಆಸ್ಟ್ರೇಲಿಯ ಖಂಡದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣವಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 280 ಮಿಲಿಮೀಟರ್ ಮಾತ್ರ. ನೆಲವೆಲ್ಲ ಕೆಮ್ಮಣ್ಣು. ಆ ಕೆಮ್ಮಣ್ಣಿನ ನಡುವೆ ನೂರಾರು ಮೈಲಿ ಉದ್ದಕ್ಕೆ ಮ್ಯಾಕ್‌ಡೊನೆಲ್ ಪರ್ವತಶ್ರೇಣಿ ಹಬ್ಬಿದೆ. ವರ್ಷದ ಬಹುಕಾಲ ಮರಳಾಗಿಯೇ ಮಲಗಿರುವ ಫಿಂಕ್ ನದಿ ಈ ಶ್ರೇಣಿಯನ್ನು ಕೊರೆದುಕೊಂಡು ಹರಿಯುತ್ತದೆ. ನದಿಯ ದಡದಲ್ಲಿ ಜರ್ಮನ್ ಲೂಥರನ್ ಪಾದ್ರಿಗಳು 1877ರಲ್ಲಿ ಹರ್ಮನ್ಸ್‌ಬರ್ಗ್ ಎಂಬ ಮಿಷನ್ನನ್ನು ಸ್ಥಾಪಿಸಿದರು. ಅಲ್ಲಿನ ಮೂಲನಿವಾಸಿಗಳು ಅರಂಡ ಜನರು. ಅವರು ಆ ಸ್ಥಳವನ್ನು ಕರೆಯುವುದು ನ್ಟಾರಿಯ ಎಂದು.

1902ನೆಯ ಇಸವಿ ಜುಲೈ 28ರಂದು ಈ ಮಿಷನ್ನಿನಲ್ಲಿ ಅರಂಡ ದಂಪತಿಗಳಿಗೆ ಒಂದು ಗಂಡುಮಗು ಹುಟ್ಟಿತು. ತಂದೆತಾಯಿಗಳು ಇಟ್ಟ ಹೆಸರು ಎಲಿಯ. ಮೂರು ವರ್ಷಗಳ ತರುವಾಯ, 1905ರ ಕ್ರಿಸ್‌ಮಸ್ಸಿನ ಹಿಂದಿನ ದಿನ, ತಂದೆತಾಯಿಗಳು ಕ್ರೈಸ್ತಮತವನ್ನು ಸ್ವೀಕರಿಸಿದರು. ಮಗುವಿಗೂ ದೀಕ್ಷಾಸ್ನಾನವಾಗಿ ಆಲ್ಬರ್ಟ್ ಎಂಬ ಹೊಸ ಹೆಸರು ಬಂದಿತು. ತಂದೆಯ ಹೆಸರಾದ ನಮಾಟ್‌ಜಿರ ಎಂಬುದು ಮುಂದೆ ಮಗನ ಹೆಸರಿನ ಜತೆ ಸೇರಿ ಜಗತ್ತಿನಲ್ಲೆಲ್ಲ ಪ್ರಸಿದ್ಧವಾಯಿತು.

ಹುಡುಗನು ಎರಡು ಪಾಠಶಾಲೆಗಳಲ್ಲಿ ಕಲಿತನೆನ್ನಬಹುದು. ಒಂದು ಪಾದ್ರಿಗಳದು: ಅಲ್ಲಿ ಬೈಬಲ್ಲು, ಓದು, ಬರಹ, ಬಡಗಿಯ ಕೆಲಸ. ಇನ್ನೊಂದು ಹಿರಿಯರದು. ಹದಿಮೂರನೆಯ ವಯಸ್ಸಿನಲ್ಲಿ ಹಿರಿಯರು ಅವನನ್ನು ಮಿಷನ್ನಿನಿಂದ ಹೊರಗೆ ಕರೆದೊಯ್ದು, ಆರು ತಿಂಗಳ ಕಾಲ ಕಾಡಿನಲ್ಲಿಟ್ಟುಕೊಂಡು ಜನಾಂಗದ ದೀಕ್ಷೆ ಕೊಟ್ಟರು. ಅರಂಡರ ನಂಬಿಕೆಯಂತೆ ಸೃಷ್ಟಿಯ ಆದಿಯಲ್ಲಿ ಪೂರ್ವಜಶಕ್ತಿಗಳು ಈ ನೆಲದ ಮೇಲೆ ನಡೆದಾಡಿದವು. ಅವು ನಡೆದ ದಾರಿಯೇ ನದಿಯಾಯಿತು. ಅವು ಕುಳಿತ, ಮಲಗಿದ, ಹೋರಾಡಿದ ಜಾಗಗಳು ಬೆಟ್ಟಗಳೂ ಕಣಿವೆಗಳೂ ಬಂಡೆಗಳೂ ಆದುವು. ಯಾವ ಬೆಟ್ಟದ ಕಥೆಯನ್ನು ಯಾರು ಹೇಳಬೇಕು, ಯಾರು ಕೇಳಬೇಕು ಎಂಬುದಕ್ಕೂ ಕಟ್ಟುಪಾಡುಂಟು. ನಮ್ಮ ಸ್ಥಳಪುರಾಣಗಳನ್ನು ಬಲ್ಲವರಿಗೆ ಈ ಭಾವನೆ ಹೊಸದೇನೂ ಅಲ್ಲ. ಆಲ್ಬರ್ಟನಿಗೆ ತನ್ನ ನಾಡಿನ ಬೆಟ್ಟಗುಡ್ಡಗಳ ಪರಿಚಯವಾದದ್ದು ಹೀಗೆ, ಹೆಸರು ಹಿಡಿದು, ಬಂಧುಗಳ ಪರಿಚಯವಾಗುವಂತೆ.

ಕಟ್ಟು ಮೀರಿದ ಮದುವೆ

ಹದಿನೆಂಟನೆಯ ವಯಸ್ಸಿನಲ್ಲಿ ಆಲ್ಬರ್ಟನು ನೆರೆಯ ಕುಕಾಟ್ಜ ಜನಾಂಗದ ಇಲ್ಕಲಿಟ ಎಂಬ ಕನ್ಯೆಯನ್ನು ವರಿಸಿದನು. ನಮ್ಮಲ್ಲಿ ಬೆಡಗು, ಬಳಿ, ಗೋತ್ರಗಳನ್ನು ನೋಡಿ ಹೆಣ್ಣು ತರುವಂತೆ ಅರಂಡರಲ್ಲಿಯೂ ಯಾವ ಪಂಗಡದವರು ಯಾವ ಪಂಗಡದಲ್ಲಿ ಮದುವೆಯಾಗಬೇಕೆಂಬ ನಿಯಮ ಬಹು ಕಟ್ಟುನಿಟ್ಟಿನದು. ಈ ಮದುವೆ ಆ ನಿಯಮಕ್ಕೆ ಹೊಂದಲಿಲ್ಲ. ಬಂಧುಗಳು ಮುನಿದರು. ತರುಣ ದಂಪತಿಗಳು ಊರು ಬಿಟ್ಟು ಕೆಲವು ವರ್ಷ ಹೊರಗೆ ದುಡಿದು ಬದುಕಬೇಕಾಯಿತು. 1923ರಲ್ಲಿ ಮಕ್ಕಳೊಡನೆ ಮಿಷನ್ನಿಗೆ ಮರಳಿದರು. ಇಲ್ಕಲಿಟಳು ದೀಕ್ಷಾಸ್ನಾನ ಪಡೆದು ರುಬೀನ ಎನಿಸಿದಳು.

ಆಲ್ಬರ್ಟನು ಮಾಡದ ಕೆಲಸವಿಲ್ಲ. ಕಮ್ಮಾರಿಕೆ, ಬಡಗಿತನ, ಕುರಿಯ ತುಪ್ಪಟ ಕತ್ತರಿಸುವುದು, ದನ ಕಾಯುವುದು, ಒಂಟೆ ಹೊಡೆಯುವುದು. ರೈಲುದಾರಿಯಿಂದ ದೂರವಿದ್ದ ಆ ಸೀಮೆಗೆ ಒಂಟೆಗಳೇ ಲಾರಿಗಳು. ಸಂಸಾರ ಬೆಳೆಯುತ್ತಿತ್ತು, ಕೈಗೆ ಬರುವ ಕಾಸು ಸಾಲದು. ಬಿಡುವಿನ ವೇಳೆಯಲ್ಲಿ ಆತನು ಜಾಲಿಯ ಜಾತಿಗೆ ಸೇರಿದ ಮುಲ್ಗ ಮರದ ಹಲಗೆಗಳ ಮೇಲೆ ಕಾದ ಕಬ್ಬಿಣದ ಕಡ್ಡಿಯಿಂದ ಚಿತ್ರ ಸುಟ್ಟು ಮಾರತೊಡಗಿದನು. ಬಂದುಹೋಗುವ ಪ್ರವಾಸಿಗಳು ಅವನ್ನು ಕೊಳ್ಳುತ್ತಿದ್ದರು. ಮೂವತ್ತು ದಾಟಿದ ಆ ಒಂಟೆಯಾಳಿನ ಕೈಯಲ್ಲಿ ಇನ್ನೂ ಏನಿದೆಯೆಂಬುದು ಯಾರಿಗೂ ಗೊತ್ತಿರಲಿಲ್ಲ.

ಎರಡು ತಿಂಗಳ ಗುರುಕುಲ

ರೆಕ್ಸ್ ಬ್ಯಾಟರ್‌ಬಿ ಎಂಬ ಬಿಳಿಯ ಚಿತ್ರಗಾರನು ಮೊದಲನೆಯ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು, ಬೇಸಾಯದ ದುಡಿಮೆ ಸಾಗದೆ ಕುಂಚ ಹಿಡಿದವನು. 1932ರಲ್ಲಿ ಆತನು ತನ್ನ ಸ್ನೇಹಿತ ಜಾನ್ ಗಾರ್ಡ್ನರನೊಡನೆ ಮಧ್ಯ ಆಸ್ಟ್ರೇಲಿಯಕ್ಕೆ ಬಂದನು. 1934ರಲ್ಲಿ ಮತ್ತೆ ಬಂದ ಗೆಳೆಯರು, ತಾವು ಬರೆದ ಜಲವರ್ಣ ಚಿತ್ರಗಳನ್ನು ಮಿಷನ್ನಿನಲ್ಲಿಯೇ ತೂಗುಹಾಕಿ ಆದಿವಾಸಿಗಳಿಗೆ ತೋರಿಸಿದರು. ತಮ್ಮ ಬೆಟ್ಟ, ತಮ್ಮ ನದಿ, ತಮ್ಮ ಮರ ಬಿಳಿಯ ಕಾಗದದ ಮೇಲೆ ಕುಳಿತಿರುವುದನ್ನು ಕಂಡು ಜನ ಬೆರಗಾದರು. ಆಲ್ಬರ್ಟನು ಬೆರಗಾಗಿ ಸುಮ್ಮನಾಗಲಿಲ್ಲ. ತಾನೂ ಹೀಗೆ ಬರೆಯಬಲ್ಲೆನೆಂಬ ಛಲ ಆತನಲ್ಲಿ ಹುಟ್ಟಿತು.

1936ರಲ್ಲಿ ಬ್ಯಾಟರ್‌ಬಿ ಮರಳಿ ಬಂದಾಗ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಆಲ್ಬರ್ಟನು ಒಂಟೆ ಹೊಡೆದು, ದಾರಿ ತೋರಿಸಿ, ಚಿತ್ರಕ್ಕೆ ಯೋಗ್ಯವಾದ ಸ್ಥಳಗಳಿಗೆ ಕರೆದೊಯ್ಯಬೇಕು. ಪ್ರತಿಯಾಗಿ ಬ್ಯಾಟರ್‌ಬಿ ಚಿತ್ರವಿದ್ಯೆಯನ್ನು ಕಲಿಸಬೇಕು. ಸುಮಾರು ಎರಡು ತಿಂಗಳ ಕಾಲ ಪರ್ವತಗಳ ನಡುವೆ ಈ ವಿಚಿತ್ರ ಗುರುಕುಲ ನಡೆಯಿತು. ಇದರಲ್ಲಿ ಗುರು ಯಾರು, ಶಿಷ್ಯ ಯಾರು ಎಂದು ಹೇಳುವುದು ಕಷ್ಟ. ಬಣ್ಣದ ಗುರು ಒಬ್ಬ, ಬೆಟ್ಟದ ಗುರು ಇನ್ನೊಬ್ಬ!

ಜಲವರ್ಣವೆಂಬುದು ಸುಲಭವಾಗಿ ಕೈಗೆ ಬರುವ ವಿದ್ಯೆಯಲ್ಲ. ತೈಲವರ್ಣದಲ್ಲಿ ತಪ್ಪಾದರೆ ಮೇಲೊಂದು ಲೇಪ ಕೊಟ್ಟು ಮುಚ್ಚಬಹುದು. ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣ ತಾಗಿಸದೆ ಮೊದಲೇ ಬಿಟ್ಟುಕೊಳ್ಳಬೇಕು. ಒಮ್ಮೆ ಹಚ್ಚಿದುದನ್ನು ಹಿಂದೆಗೆಯುವಂತಿಲ್ಲ. ಸುಮಾರು ಅದೇ ದಶಕಗಳಲ್ಲಿ ನಮ್ಮ ಕೆ. ವೆಂಕಟಪ್ಪನವರು ಉದಕಮಂಡಲದ ಮಂಜನ್ನೂ ಮೋಡವನ್ನೂ ಇದೇ ಜಲವರ್ಣದಲ್ಲಿ ಹಿಡಿದಿಡುತ್ತಿದ್ದರು. ವೆಂಕಟಪ್ಪನವರು ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲಾಶಾಲೆಗಳಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಆಲ್ಬರ್ಟನಿಗೆ ದೊರೆತದ್ದು ಒಂಟೆಯ ಬೆನ್ನ ಮೇಲಣ ಕೆಲವು ವಾರಗಳ ಪಾಠ ಮಾತ್ರ. ಅಷ್ಟರಲ್ಲಿಯೇ ಆತನ ಕೈ ಪಳಗಿತು.

ಮೂರು ದಿನದಲ್ಲಿ ಮಾರಾಟ

1937ರಲ್ಲಿ ಬ್ಯಾಟರ್‌ಬಿ ಅಡಿಲೇಡಿನಲ್ಲಿ ತನ್ನ ಚಿತ್ರಗಳನ್ನು ಪ್ರದರ್ಶಿಸಿದಾಗ ಶಿಷ್ಯನ ಕೆಲವು ಚಿತ್ರಗಳನ್ನೂ ಜತೆಗಿಟ್ಟನು. ಮರುವರ್ಷ, 1938ರಲ್ಲಿ, ಮೆಲ್ಬೋರ್ನ್ ನಗರದಲ್ಲಿ ಆಲ್ಬರ್ಟನ ಸ್ವಂತ ಪ್ರದರ್ಶನವೇ ನಡೆಯಿತು. ಇಟ್ಟಿದ್ದ 41 ಚಿತ್ರಗಳೂ ಮೂರೇ ದಿನಗಳಲ್ಲಿ ಮಾರಾಟವಾಗಿಹೋದುವು. 1939ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಸರ್ಕಾರಿ ಕಲಾಶಾಲೆಯು ಆತನ ಒಂದು ಚಿತ್ರವನ್ನು ತನ್ನ ಸಂಗ್ರಹಕ್ಕಾಗಿ ಕೊಂಡಿತು.

ಆ ಚಿತ್ರಗಳಲ್ಲಿ ಅಂಥದೇನಿತ್ತು? ಮುಂಬದಿಯಲ್ಲಿ ಒಂದು ಮರ. ನಮ್ಮ ನೀಲಗಿರಿ ಮರದ ಬಳಗಕ್ಕೆ ಸೇರಿದ, ಸುಣ್ಣ ಬಳಿದಂತೆ ಬೆಳ್ಳಗಿರುವ ಕಾಂಡದ ಮರ. ಬೆಳದಿಂಗಳಲ್ಲಿ ದೆವ್ವದಂತೆ ಕಾಣುವುದೆಂದು ಬಿಳಿಯರು ಇದನ್ನು ‘ಘೋಸ್ಟ್ ಗಮ್’ ಎನ್ನುತ್ತಾರೆ. ಅದರ ಹಿಂದೆ ಕೆಮ್ಮಣ್ಣಿನ ಬಯಲು, ಬಯಲಿನಾಚೆ ನೇರಳೆ, ನೀಲಿ, ಕಿತ್ತಳೆ ಬಣ್ಣಗಳ ಬೆಟ್ಟದ ಸಾಲು. ಮರುಭೂಮಿ ಎಂದರೆ ಸಾವಿನ ನೆಲವೆಂದು ತಿಳಿದಿದ್ದ ಪಟ್ಟಣವಾಸಿಗಳಿಗೆ ಅಷ್ಟು ಬಣ್ಣ ಅಲ್ಲಿರುವುದು ಆಗಲೇ ತಿಳಿದದ್ದು. ಚಿತ್ರದ ಪಡಿಯಚ್ಚುಗಳು ಸಾವಿರಾರು ಮನೆಗಳ ಗೋಡೆಗಳನ್ನೇರಿದುವು. ಒಟ್ಟು ಎರಡು ಸಾವಿರದಷ್ಟು ಚಿತ್ರಗಳನ್ನು ಆತನು ಬರೆದನೆಂದು ಅಂದಾಜು.

ಕೀರ್ತಿಯ ಮೇಲೆ ಕೀರ್ತಿ ಬಂದಿತು. 1944ರಲ್ಲಿ ಆಸ್ಟ್ರೇಲಿಯದ ಗಣ್ಯರ ಹೆಸರುಗಳ ಕೋಶದಲ್ಲಿ ಆತನ ಹೆಸರು ಸೇರಿತು. 1953ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಪದಕ ದೊರೆಯಿತು. 1954ರಲ್ಲಿ ರಾಣಿಯು ಆಸ್ಟ್ರೇಲಿಯಕ್ಕೆ ಬಂದಾಗ ರಾಜಧಾನಿ ಕ್ಯಾನ್‌ಬೆರದಲ್ಲಿ ಆತನನ್ನು ಆಕೆಗೆ ಪರಿಚಯಿಸಲಾಯಿತು. 1956ರಲ್ಲಿ ವಿಲಿಯಂ ಡಾರ್ಗಿ ಎಂಬ ಕಲಾವಿದನು ಬರೆದ ಆಲ್ಬರ್ಟನ ಭಾವಚಿತ್ರಕ್ಕೆ ಆ ದೇಶದ ಅತ್ಯುನ್ನತ ಭಾವಚಿತ್ರ ಬಹುಮಾನವಾದ ಆರ್ಚಿಬಾಲ್ಡ್ ಪಾರಿತೋಷಕ ಸಂದಿತು.

ಬೆಳಕಿನ ಹಿಂದಿನ ಕತ್ತಲೆ

ಇಷ್ಟನ್ನು ಓದಿದವರು ಆಲ್ಬರ್ಟನು ಸುಖವಾಗಿ ಬಾಳಿದನೆಂದು ತಿಳಿದರೆ ಆಶ್ಚರ್ಯವಿಲ್ಲ. ಕಥೆಯ ಇನ್ನೊಂದು ಮುಖವಿದೆ.

ಅಂದಿನ ಕಾನೂನಿನಂತೆ ಆದಿವಾಸಿಯು ತನ್ನ ನಾಡಿನಲ್ಲಿಯೇ ಪೌರನಲ್ಲ. ಚಿತ್ರಗಳಿಂದ ಹಣ ಬಂದಾಗ ಆಲ್ಬರ್ಟನು ದನ ಸಾಕಿಕೊಂಡು ಬದುಕಲು ಒಂದು ಹುಲ್ಲುಗಾವಲನ್ನು ಗುತ್ತಿಗೆಗೆ ಕೇಳಿದನು. ಅದು ದೊರೆಯಲಿಲ್ಲ. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಮನೆ ಕಟ್ಟಲು ಹೊರಟನು. ಅದಕ್ಕೂ ಅಧಿಕಾರಿಗಳು ಒಪ್ಪಲಿಲ್ಲ. ಆದಾಯ ತೆರಿಗೆಯ ಲೆಕ್ಕ ಕೇಳುವಾಗ ಮಾತ್ರ ಸರ್ಕಾರಕ್ಕೆ ಆತನ ನೆನಪು ಚೆನ್ನಾಗಿತ್ತು! ದೇಶದ ಶ್ರೀಮಂತರ ದಿವಾನಖಾನೆಗಳಲ್ಲಿ ಯಾರ ಚಿತ್ರಗಳು ತೂಗುತ್ತಿದ್ದುವೋ ಅವನು ಪಟ್ಟಣದ ಹೊರಗೆ, ಮಾರಿಸ್ ಸೋಕ್ ಎಂಬ ಒಣಹಳ್ಳದ ಬದಿಯ ಗುಡಿಸಲುಗಳ ಬಿಡಾರದಲ್ಲಿ ವಾಸಿಸುತ್ತಿದ್ದನು.

ಬಂದ ಹಣ ಅವನ ಕೈಯಲ್ಲಿ ನಿಲ್ಲುತ್ತಲೂ ಇರಲಿಲ್ಲ. ಅರಂಡರಲ್ಲಿ ಗಳಿಕೆ ಒಬ್ಬನದಲ್ಲ, ಬಳಗದ್ದು. ಬೇಟೆಯಾಡಿ ತಂದವನು ಮಾಂಸವನ್ನು ಹಂಚಲೇಬೇಕು. ಹಂಚದವನು ಮನುಷ್ಯನೇ ಅಲ್ಲ. ಚಿತ್ರದ ಹಣವನ್ನೂ ಆಲ್ಬರ್ಟನು ಅದೇ ಧರ್ಮಕ್ಕೆ ಕಟ್ಟುಬಿದ್ದು ನೂರಾರು ಬಂಧುಗಳಿಗೆ ಹಂಚಿದನು. ಬಿಳಿಯರ ದೃಷ್ಟಿಯಲ್ಲಿ ಇದು ದುಂದುಗಾರಿಕೆ. ಅವನ ದೃಷ್ಟಿಯಲ್ಲಿ ಇದು ಮರ್ಯಾದೆ.

1957ರಲ್ಲಿ ಹೊಸ ಕಾನೂನು ಜಾರಿಗೆ ಬಂದಿತು. ಉತ್ತರ ಪ್ರಾಂತದ ಆದಿವಾಸಿಗಳಲ್ಲಿ ಹದಿನೈದು ಸಾವಿರಕ್ಕೂ ಮೇಲ್ಪಟ್ಟವರ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಬರೆದು, ಅವರೆಲ್ಲರನ್ನೂ ಸರ್ಕಾರದ ‘ಪಾಲಿತರು’ ಎಂದು ಸಾರಲಾಯಿತು. ಅಪ್ರಾಪ್ತ ವಯಸ್ಕರಾದ ಮಕ್ಕಳಿಗೆ ಪೋಷಕರಿರುವಂತೆ, ಮೊಮ್ಮಕ್ಕಳನ್ನು ಕಂಡ ಮುದುಕರಿಗೂ ಸರ್ಕಾರವೇ ಪೋಷಕ. ಪಾಲಿತನಿಗೆ ಮತವಿಲ್ಲ, ಇಷ್ಟಬಂದಲ್ಲಿ ವಾಸಿಸುವಂತಿಲ್ಲ, ಮದ್ಯ ಮುಟ್ಟುವಂತಿಲ್ಲ. ಆ ಪಟ್ಟಿಯಿಂದ ಹೊರಗುಳಿದ ಬೆರಳೆಣಿಕೆಯ ಜನರಲ್ಲಿ ಆಲ್ಬರ್ಟನೂ ರುಬೀನಳೂ ಸೇರಿದ್ದರು. ಅವರು ಪೂರ್ಣ ಪೌರರಾದರೆಂದು ಪತ್ರಿಕೆಗಳು ಕೊಂಡಾಡಿದುವು. ಆದರೆ ಅವರ ಬೆಳೆದ ಮಕ್ಕಳು ಪಾಲಿತರಾಗಿಯೇ ಉಳಿದರು! ಒಂದೇ ಒಲೆಯ ಸುತ್ತ ಕುಳಿತ ಸಂಸಾರದಲ್ಲಿ ತಂದೆತಾಯಿಗಳಿಗೆ ಒಂದು ಕಾನೂನು, ಮಕ್ಕಳಿಗೆ ಇನ್ನೊಂದು.

ಒಂದು ಸೀಸೆಯ ರಮ್ಮು

ಪೌರನಾದವನು ಮದ್ಯ ಕೊಳ್ಳಬಹುದು, ಕುಡಿಯಬಹುದು. ಆದರೆ ಪಾಲಿತನಿಗೆ ಕೊಟ್ಟರೆ ಅಪರಾಧ. ಶಿಕ್ಷೆ ಕನಿಷ್ಠ ಆರು ತಿಂಗಳ ಸೆರೆಮನೆ. ಏನು ತಂದರೂ ಹಂಚಿಕೊಳ್ಳಬೇಕೆಂಬುದು ಅರಂಡರ ಧರ್ಮ. ಹಂಚಿಕೊಂಡರೆ ಸೆರೆಯೆಂಬುದು ಬಿಳಿಯರ ಕಾನೂನು. ಈ ಎರಡರ ನಡುವೆ ಆಲ್ಬರ್ಟನು ಸಿಕ್ಕಿಬಿದ್ದನು.

1958ರಲ್ಲಿ ಮಾರಿಸ್ ಸೋಕ್ ಬಿಡಾರದಲ್ಲಿ ಕುಡಿತದ ಗಲಭೆಯ ನಡುವೆ ಒಬ್ಬ ಹೆಂಗಸು ಕೊಲೆಯಾದಳು. ಬಿಡಾರಕ್ಕೆ ಮದ್ಯ ತಂದವನೆಂದು ಆಲ್ಬರ್ಟನ ಮೇಲೆ ಛೀಮಾರಿ ಬಂದಿತು. ಅಲ್ಲಿಂದ ಪೊಲೀಸರ ಕಣ್ಣು ಅವನ ಮೇಲೆಯೇ ಇತ್ತು. ಕೆಲದಿನಗಳ ಮೇಲೆ ಹೆನಾಕ್ ರಬೆರಬ ಎಂಬ ಸಹ ಕಲಾವಿದನ ಕೈಗೆ ಮದ್ಯ ಸೇರಿಸಿದನೆಂದು ಆಲ್ಬರ್ಟನ ಮೇಲೆ ಮೊಕದ್ದಮೆ ಹೂಡಲಾಯಿತು. ರಬೆರಬ ಅರಂಡರ ಸಂಬಂಧದ ಲೆಕ್ಕದಲ್ಲಿ ಆತನಿಗೆ ಸೋದರನಾಗಬೇಕು. ಕಾನೂನಿನ ಲೆಕ್ಕದಲ್ಲಿ ಪಾಲಿತ. ಕಾರಿನ ಆಸನದ ಮೇಲೆ, ರಬೆರಬನ ಕೈಗೆಟಕುವಂತೆ, ಒಂದು ರಮ್ಮಿನ ಸೀಸೆಯನ್ನು ಇಟ್ಟಿದ್ದನೆಂಬುದೇ ಅಪರಾಧ.

ಮ್ಯಾಜಿಸ್ಟ್ರೇಟರು ಆರು ತಿಂಗಳ ಕಠಿಣ ಶಿಕ್ಷೆ ವಿಧಿಸಿದರು. ದೇಶದ ಉದ್ದಗಲಕ್ಕೂ ಪ್ರತಿಭಟನೆಯ ಕೂಗೆದ್ದಿತು. ಮೇಲ್ಮನವಿಯಲ್ಲಿ ಶಿಕ್ಷೆ ಮೂರು ತಿಂಗಳಿಗಿಳಿಯಿತು. ದೇಶದ ಅತ್ಯುನ್ನತ ನ್ಯಾಯಾಲಯವು ಮುಂದಿನ ಮನವಿಗೆ ಅವಕಾಶ ಕೊಡಲಿಲ್ಲ. ಸಾಧಾರಣ ಸೆರೆಮನೆಗೆ ಬದಲಾಗಿ ಪಪುನ್ಯ ಎಂಬ ಆದಿವಾಸಿ ವಸಾಹತಿನಲ್ಲಿ ಅವನನ್ನು ಬಯಲು ಬಂಧನದಲ್ಲಿಟ್ಟರು. ಎರಡು ತಿಂಗಳು ಕಳೆದ ಮೇಲೆ, 1959ರ ಮೇ ತಿಂಗಳಿನಲ್ಲಿ, ಬಿಡುಗಡೆಯಾಯಿತು.

ಬಿಡುಗಡೆಯಾದವನು ಹಳೆಯ ಆಲ್ಬರ್ಟನಾಗಿರಲಿಲ್ಲ. ಕುಂಚದ ಮೇಲಣ ಆಸೆ ಬತ್ತಿಹೋಗಿತ್ತು. ಹೃದ್ರೋಗವಿದ್ದ ದೇಹಕ್ಕೆ ನ್ಯುಮೋನಿಯವೂ ಅಂಟಿಕೊಂಡಿತು. 1959ರ ಆಗಸ್ಟ್ 8ರಂದು ಆಲಿಸ್ ಸ್ಪ್ರಿಂಗ್ಸ್ ಆಸ್ಪತ್ರೆಯಲ್ಲಿ ಆತನು ಕಣ್ಣುಮುಚ್ಚಿದನು. ಆಗ ಅವನಿಗೆ ಐವತ್ತೇಳು ವರ್ಷ.

ಅನುಕರಣೆಯೋ, ಆರಾಧನೆಯೋ?

ಆಲ್ಬರ್ಟನು ಬದುಕಿದ್ದಾಗಲೇ ಕೆಲವು ವಿಮರ್ಶಕರು ಮೂಗು ಮುರಿದಿದ್ದರು. ಬಿಳಿಯರ ಜಲವರ್ಣವನ್ನು ಜಾಣತನದಿಂದ ಅನುಕರಿಸಿದ್ದಾನೆ, ಇದರಲ್ಲಿ ಆದಿವಾಸಿತನವೆಲ್ಲಿದೆ ಎಂಬುದು ಅವರ ಆಕ್ಷೇಪ. ಈ ಆಕ್ಷೇಪಕ್ಕೆ ಉತ್ತರ ದೊರೆಯಲು ಕೆಲವು ದಶಕಗಳೇ ಬೇಕಾದುವು. ಆತನು ಕಂಡಕಂಡ ಬೆಟ್ಟಗಳನ್ನು ಬರೆದವನಲ್ಲ. ಮತ್ತೆ ಮತ್ತೆ ಬರೆದದ್ದು ತಂದೆಯ ಕಡೆಯಿಂದ, ತಾಯಿಯ ಕಡೆಯಿಂದ ತನಗೆ ಸೇರಿದ ನಾಡನ್ನು, ಪೂರ್ವಜಶಕ್ತಿಗಳು ನೆಲೆನಿಂತ ಬೆಟ್ಟಗಳನ್ನು, ಕಣಿವೆಗಳನ್ನು, ಮರಗಳನ್ನು. ಕೊಂಡವರು ಅದನ್ನು ಸುಂದರ ದೃಶ್ಯವೆಂದು ಗೋಡೆಗೆ ತೂಗುಹಾಕಿದರು. ಬರೆದವನಿಗೆ ಅದು ಕುಲದೇವತೆಯ ಪಟ. ಇದು ನನ್ನ ನೆಲವೆಂದು ಸಾರುವ ಹಕ್ಕುಪತ್ರ. ಗುತ್ತಿಗೆಯ ಕಾಗದ ಕೊಡದ ಸರ್ಕಾರಕ್ಕೆ ಆತನು ಎರಡು ಸಾವಿರ ಕಾಗದಗಳ ಮೇಲೆ ತನ್ನ ಹಕ್ಕನ್ನು ಬರೆದಿಟ್ಟನು.

ವಿಧಿಯ ಆಟ ನೋಡಿ: ಆತನನ್ನು ಬಂಧನದಲ್ಲಿಟ್ಟಿದ್ದ ಅದೇ ಪಪುನ್ಯದಲ್ಲಿ, ಹನ್ನೆರಡು ವರ್ಷಗಳ ತರುವಾಯ, ಆದಿವಾಸಿ ಕಲೆಯ ಇನ್ನೊಂದು ಬುಗ್ಗೆ ಚಿಮ್ಮಿತು. 1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ಶಾಲಾ ಉಪಾಧ್ಯಾಯನ ಪ್ರೋತ್ಸಾಹದಿಂದ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಪುರಾಣವನ್ನು ಚಿತ್ರಿಸಿದರು. ಅಲ್ಲಿಯವರೆಗೆ ಆಚರಣೆಯ ವೇಳೆ ಮರಳಿನ ಮೇಲೆಯೂ ಮೈಮೇಲೆಯೂ ಬರೆದು ಅಳಿಸಿಬಿಡುತ್ತಿದ್ದ ಸುತ್ತು, ಗೆರೆ, ಚುಕ್ಕೆಗಳು ಹಲಗೆಯನ್ನೂ ಕ್ಯಾನ್ವಾಸನ್ನೂ ಏರಿದುವು. 1972ರಲ್ಲಿ ಕಲಾವಿದರೇ ಒಡೆಯರಾಗಿ ತಮ್ಮದೊಂದು ಸಂಸ್ಥೆಯನ್ನು ಕಟ್ಟಿಕೊಂಡರು. ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಕಾಣುವ ಚುಕ್ಕೆಗಳ ಚಿತ್ರಕಲೆಯ ಮೂಲ ಇದು. ನಮ್ಮ ಅಂಗಳದ ರಂಗವಲ್ಲಿಯನ್ನೂ, ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಮಲೆನಾಡಿನ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನೂ ಬಲ್ಲವರಿಗೆ ನೆಲದಿಂದ ಕ್ಯಾನ್ವಾಸಿಗೆ ಬಂದ ಈ ಪಯಣ ಸುಲಭವಾಗಿ ಅರ್ಥವಾದೀತು. ಆಲ್ಬರ್ಟನು ಬಿಳಿಯರ ಬಣ್ಣದಲ್ಲಿ ತನ್ನ ನಾಡನ್ನು ಬರೆದನು. ಪಪುನ್ಯದ ಹಿರಿಯರು ತಮ್ಮ ಗೆರೆಗಳಲ್ಲಿಯೇ ಬರೆದರು. ಇಬ್ಬರೂ ಬರೆದದ್ದು ನಾಡನ್ನೇ. ಆದಿವಾಸಿಯು ಕುಂಚದಿಂದ ಬಾಳಬಲ್ಲನೆಂದು ಮೊದಲು ತೋರಿಸಿಕೊಟ್ಟವನು ಆಲ್ಬರ್ಟನು.

ಚಿತ್ರದ ಒಡೆಯ ಯಾರು?

ಸಾವಿನಿಂದಲೂ ಆತನ ಕಷ್ಟ ತೀರಲಿಲ್ಲ. 1957ರಲ್ಲಿ ಆತನು ತನ್ನ ಚಿತ್ರಗಳ ಪಡಿಯಚ್ಚು ತೆಗೆಯುವ ಹಕ್ಕನ್ನು ಒಬ್ಬ ಪ್ರಕಾಶಕನಿಗೆ, ಗೌರವಧನದ ಕರಾರಿನ ಮೇಲೆ, ಒಪ್ಪಿಸಿದ್ದನು. ಮರಣಾನಂತರ ಆಸ್ತಿಯ ಮೇಲ್ವಿಚಾರಣೆ ಸರ್ಕಾರಿ ಅಧಿಕಾರಿಯ ಕೈಸೇರಿತು. 1983ರಲ್ಲಿ ಆ ಅಧಿಕಾರಿಯು ಚಿತ್ರಗಳ ಕೃತಿಸ್ವಾಮ್ಯವನ್ನು ಕೇವಲ 8,500 ಡಾಲರುಗಳಿಗೆ ಪೂರ್ತಿಯಾಗಿ ಮಾರಿಬಿಟ್ಟನು. ಕುಟುಂಬಕ್ಕೆ ಬರುತ್ತಿದ್ದ ಗೌರವಧನ ಅಲ್ಲಿಗೆ ನಿಂತಿತು. ಅಜ್ಜನ ಚಿತ್ರವನ್ನು ಅಚ್ಚುಹಾಕಲು ಮೊಮ್ಮಕ್ಕಳಿಗೇ ಹಕ್ಕಿಲ್ಲ! ಕುಟುಂಬದವರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2017ರಲ್ಲಿ, ಉದಾರಿಯಾದ ಒಬ್ಬ ಉದ್ಯಮಿಯ ನೆರವಿನಿಂದ, ಆ ಹಕ್ಕು ಒಂದೇ ಒಂದು ಡಾಲರಿನ ಹೆಸರಿಗೆ ಕುಟುಂಬದ ಹಿತಕ್ಕಾಗಿ ಸ್ಥಾಪಿತವಾದ ನಮಾಟ್‌ಜಿರ ಟ್ರಸ್ಟಿಗೆ ಮರಳಿತು.

ಹಾರೋಹಳ್ಳಿಗೆ ಅಷ್ಟು ದೂರವಲ್ಲದ ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಆಟಿಕೆ ಮಾಡುವ ಕುಶಲಿಗಳಿಗೂ ಇಂಥ ಪ್ರಶ್ನೆ ಗೊತ್ತು. ಆ ಆಟಿಕೆಗಳ ಹೆಸರಿಗೆ ಇಂದು ಭೌಗೋಳಿಕ ಸೂಚಿಕೆಯ ರಕ್ಷಣೆಯಿದೆ. ಬೇರೆಯವರು ಆ ಹೆಸರಿಟ್ಟು ಮಾರುವಂತಿಲ್ಲ. ಕೈಯ ಕಸುಬು ಎಷ್ಟು ಮುಖ್ಯವೋ ಆ ಕಸುಬಿನ ಹೆಸರು ಯಾರ ಕೈಯಲ್ಲಿದೆಯೆಂಬುದೂ ಅಷ್ಟೇ ಮುಖ್ಯ.

ಆಸ್ಟ್ರೇಲಿಯವೂ ನಿಧಾನವಾಗಿ ಕಣ್ತೆರೆಯಿತು. 1967ರ ಜನಮತಗಣನೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ, ಆದಿವಾಸಿಗಳನ್ನು ಬೇರೆಯಾಗಿ ಕಾಣುತ್ತಿದ್ದ ಸಂವಿಧಾನದ ವಾಕ್ಯಗಳನ್ನು ತೆಗೆಯಬೇಕೆಂದು ಮತವಿತ್ತರು. 1968ರಲ್ಲಿ ಆಲ್ಬರ್ಟನ ಮುಖವುಳ್ಳ ಅಂಚೆಚೀಟಿ ಹೊರಬಂದಿತು. ಹರ್ಮನ್ಸ್‌ಬರ್ಗಿನ ನೆಲವು 1982ರಲ್ಲಿ ಅದರ ಮೂಲ ಒಡೆಯರಿಗೆ ಹಿಂದಿರುಗಿತು. 2002ರಲ್ಲಿ, ಆತನು ಹುಟ್ಟಿ ನೂರು ವರ್ಷ ತುಂಬಿದಾಗ, ರಾಷ್ಟ್ರೀಯ ಕಲಾಶಾಲೆಯು ಆತನ ಚಿತ್ರಗಳ ದೊಡ್ಡ ಪ್ರದರ್ಶನವನ್ನೇರ್ಪಡಿಸಿತು. ಆದರೂ ಹಳೆಯ ದ್ವೇಷಗಳು ಪೂರ್ತಿ ಅಳಿದುವೆನ್ನುವಂತಿಲ್ಲ. ಆತನ ಚಿತ್ರಗಳಿಂದ ಪ್ರಖ್ಯಾತವಾಗಿದ್ದ ಎರಡು ಬಿಳಿಯ ಮರಗಳನ್ನು 2013ರ ಜನವರಿಯಲ್ಲಿ ಯಾರೋ ಸುಟ್ಟುಹಾಕಿದರು.

ಮರ ಸುಟ್ಟರೂ ಬೇರು ಬತ್ತಲಿಲ್ಲ. ಆಲ್ಬರ್ಟನ ಮಕ್ಕಳಾದ ಎನೊಸ್, ಆಸ್ಕರ್, ಎವಾಲ್ಡ್, ಕೀತ್, ಮಾರಿಸ್ ಕುಂಚ ಹಿಡಿದರು. ಮೊಮ್ಮಕ್ಕಳ ಕಾಲಕ್ಕೂ ಜಲವರ್ಣದ ಆ ಪರಂಪರೆ ಮುಂದುವರಿದಿದೆ. ಒಂದು ಕಾಲಕ್ಕೆ ಬಿಳಿಯ ಕಲಾವಿದನೊಬ್ಬನು ಆಲ್ಬರ್ಟನ ಮುಖವನ್ನು ಬರೆದು ಆರ್ಚಿಬಾಲ್ಡ್ ಬಹುಮಾನವನ್ನು ಪಡೆದಿದ್ದನಷ್ಟೆ. 2020ರಲ್ಲಿ ಅದೇ ಬಹುಮಾನವನ್ನು ಗೆದ್ದವನು ಆಲ್ಬರ್ಟನ ಮರಿಮಗ ವಿನ್ಸೆಂಟ್ ನಮಾಟ್‌ಜಿರ. ಆ ಬಹುಮಾನದ ಚರಿತ್ರೆಯಲ್ಲಿ ಅದನ್ನು ಗೆದ್ದ ಮೊಟ್ಟಮೊದಲನೆಯ ಆದಿವಾಸಿ ಕಲಾವಿದನು ಈತನೇ.

ಸಂಜೆಯ ಹೊತ್ತು ಕಾರ್ಖಾನೆಯ ಪಾಳಿ ಮುಗಿಸಿ ಹಾರೋಹಳ್ಳಿಯ ಬಸ್ಸಿಗಾಗಿ ಕಾದು ನಿಂತವರ ಎದುರಿಗೆ ಬೆಟ್ಟಗಳು ಕೆಂಪಾಗುತ್ತವೆ. ಅವುಗಳ ಹೆಸರು ಬಲ್ಲ ಮುದುಕರು ಇನ್ನೂ ಊರಿನಲ್ಲಿದ್ದಾರೆ. ಕೇಳಿ ಬರೆದಿಟ್ಟುಕೊಳ್ಳುವ ತರುಣರೂ ಇದ್ದಾರೆ. ಒಂಟೆ ಹೊಡೆಯುತ್ತಿದ್ದ ಅರಂಡನೊಬ್ಬನು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಕುಂಚ ಹಿಡಿದು ತನ್ನ ಬೆಟ್ಟಗಳನ್ನು ಲೋಕಕ್ಕೆ ತೋರಿಸಿದನು. ಯಾವ ನಾಡಿನಲ್ಲಿಯೇ ಆಗಲಿ, ಆ ಕೆಲಸಕ್ಕೆ ಹೊತ್ತು ಮೀರಿಲ್ಲ.